ನೀರಿನ ನಡುವಣ ರಾಜಧಾನಿ: ಶ್ರೀರಂಗಪಟ್ಟಣದ ನೆಲ, ಕಾಲುವೆ ಮತ್ತು ರೇಷ್ಮೆ

ಕಾವೇರಿ ನದಿಯು ಕೊಡಗಿನಿಂದ ಬಂಗಾಳ ಕೊಲ್ಲಿಯವರೆಗಿನ ತನ್ನ ಹರಿವಿನಲ್ಲಿ ಕವಲೊಡೆದು ಮತ್ತೆ ಕೂಡಿಕೊಂಡು ಹಲವು ನಡುಗಡ್ಡೆಗಳನ್ನು ನಿರ್ಮಿಸಿದೆ. ಅವುಗಳಲ್ಲಿ ಮೂರನ್ನು ರಂಗನಾಥನ ನೆಲೆಗಳೆಂದು ಗುರುತಿಸಿದ ಸಂಪ್ರದಾಯವು ಮೇಲಿನ ಶ್ರೀರಂಗಪಟ್ಟಣವನ್ನು ಆದಿರಂಗವೆಂದೂ, ನಡುವಿನ ಶಿವನಸಮುದ್ರವನ್ನು ಮಧ್ಯರಂಗವೆಂದೂ, ತಮಿಳುನಾಡಿನ ಶ್ರೀರಂಗವನ್ನು ಅಂತ್ಯರಂಗವೆಂದೂ ಕರೆಯುತ್ತ ಬಂದಿದೆ. ಈ ಮೂರರಲ್ಲಿ ದೇವಸ್ಥಾನದ ಊರಾಗಿ ಹುಟ್ಟಿ, ಒಂದು ದೊಡ್ಡ ರಾಜ್ಯದ ರಾಜಧಾನಿಯಾಗಿ ಸುಮಾರು ಇನ್ನೂರು ವರ್ಷ ಬಾಳಿದ್ದು ಆದಿರಂಗವೊಂದೇ. ಮೈಸೂರಿನಿಂದ ಈಶಾನ್ಯಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಇಂದಿನ ಮಂಡ್ಯ ಜಿಲ್ಲೆಯಲ್ಲಿರುವ ಈ ನಡುಗಡ್ಡೆ ಪಶ್ಚಿಮದಿಂದ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರ್ ಉದ್ದವಿದ್ದು, ಅಗಲ ಒಂದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿದೆ. ಇಷ್ಟು ಕಿರಿದಾದ ನೆಲದಿಂದ ಮಲಬಾರಿನ ಕರಾವಳಿಯಿಂದ ತುಂಗಭದ್ರೆಯ ಆಚೆಯವರೆಗಿನ ಸೀಮೆಯನ್ನು ಆಳಲಾಯಿತು ಎಂಬುದು ಅದರ ಚರಿತ್ರೆಯನ್ನು ಓದುವವರೆಲ್ಲ ಮೊದಲು ನೆನಪಿನಲ್ಲಿಡಬೇಕಾದ ಸಂಗತಿ.

ದ್ವೀಪವೆಂದರೆ ಸಾಮಾನ್ಯವಾಗಿ ಕಡಲಿನ ನಡುವಣ ನೆಲವೇ ಮನಸ್ಸಿಗೆ ಬರುತ್ತದೆ. ಹೊಳೆಯ ನಡುವಣ ನೆಲಕ್ಕೆ ಕನ್ನಡದಲ್ಲಿ ನಡುಗಡ್ಡೆ ಎಂಬ ಬೇರೆಯೇ ಮಾತಿದೆ. ಆದರೂ ಮೆಡಿಟರೇನಿಯನ್ ಸಮುದ್ರದ ಮಾಲ್ಟಾದಂಥ ದ್ವೀಪವನ್ನೂ ಶ್ರೀರಂಗಪಟ್ಟಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರ ಬದುಕಿನಲ್ಲೂ ಒಂದೇ ಬಗೆಯ ಕಟ್ಟು ಕಾಣಿಸುತ್ತದೆ. 1530ರಿಂದ ಸಂತ ಜಾನನ ಪಂಥದ ಯೋಧರ ವಶದಲ್ಲಿದ್ದ ಮಾಲ್ಟಾ ತನ್ನ ಜನಕ್ಕೆ ಬೇಕಾದಷ್ಟು ಧಾನ್ಯವನ್ನು ತಾನೇ ಬೆಳೆಯಲಾರದೆ ಸಿಸಿಲಿಯಿಂದ ತರಿಸಿಕೊಳ್ಳುತ್ತಿತ್ತು, ಮತ್ತು ಅದರ ಕೋಟೆ, ಅರಮನೆ, ಆಸ್ಪತ್ರೆಗಳ ಖರ್ಚಿನ ಬಹುಪಾಲು ಯೂರೋಪಿನ ನಾನಾ ಕಡೆಗಳಲ್ಲಿ ಆ ಪಂಥಕ್ಕಿದ್ದ ಉಂಬಳಿ ಜಮೀನುಗಳ ಆದಾಯದಿಂದ ಬರುತ್ತಿತ್ತು. ಶ್ರೀರಂಗಪಟ್ಟಣದ ಐಶ್ವರ್ಯವೂ ಹೀಗೆಯೇ ನಡುಗಡ್ಡೆಯ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಅದು ಕಾಲುವೆಯಲ್ಲಿ, ಕಂದಾಯದಲ್ಲಿ, ಎತ್ತಿನ ಹೇರುಗಳಲ್ಲಿ ಹೊಳೆ ದಾಟಿ ಬಂದದ್ದು. ಹೊಳೆಯು ಶತ್ರುವನ್ನು ತಡೆಯಿತೆಂಬ ಮಾತಿಗಿಂತ, ಹೊಳೆಯನ್ನು ದಾಟಿ ಏನು ಬಂತು ಮತ್ತು ಏನು ಹೋಯಿತು ಎಂಬ ಲೆಕ್ಕವೇ ಈ ಊರಿನ ನಿಜವಾದ ಇತಿಹಾಸ.

ನಡುಗಡ್ಡೆಯ ಪಶ್ಚಿಮದ ತುದಿಯಲ್ಲಿ ಕೋಟೆಯಿದೆ. ಅಲ್ಲಿ ಕಾವೇರಿಯ ಪಾತ್ರವು ಬಂಡೆಗಳಿಂದ ತುಂಬಿದ್ದು, ನೀರು ಕಲ್ಲುಗಳ ನಡುವೆ ಸೀಳಿ ಹರಿಯುತ್ತದೆ. ಸಮೀಪದಲ್ಲೇ ಒಂದು ಕವಲು ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುವ ಜಾಗ ಪಶ್ಚಿಮವಾಹಿನಿಯೆಂದು ಹೆಸರಾಗಿ, ಇಂದಿಗೂ ನಾಡಿನ ಮೂಲೆಮೂಲೆಗಳಿಂದ ಅಸ್ಥಿವಿಸರ್ಜನೆಗೆ ಬರುವವರ ತೀರ್ಥವಾಗಿದೆ. ಪೂರ್ವದ ಕಡೆಗೆ ನೆಲ ಹದವಾಗಿ ಇಳಿಯುತ್ತ ಗದ್ದೆ ತೋಟಗಳಾಗಿ ಹರಡುತ್ತದೆ. ಗಂಜಾಂ ಎಂಬ ಪೇಟೆ, 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸಮಾಧಿಯಿರುವ ಗುಂಬಜ್ ಎಲ್ಲವೂ ಈ ಭಾಗದಲ್ಲಿವೆ. ಎರಡು ಕವಲುಗಳು ಮತ್ತೆ ಒಂದಾಗುವ ಪೂರ್ವದ ತುದಿ ಸಂಗಮ. ಉತ್ತರದ ದಂಡೆಯಾಚೆ ಕರಿಘಟ್ಟದ ಬೆಟ್ಟವಿದ್ದು, ಅದರ ಬುಡದಲ್ಲಿ ಲೋಕಪಾವನಿ ಹೊಳೆ ಕಾವೇರಿಯನ್ನು ಸೇರುತ್ತದೆ. ಈ ನೆಲದ ರಕ್ಷಣೆಯ ವಿಚಾರದಲ್ಲಿ ತಿಂಗಳ ಲೆಕ್ಕ ಬಹಳ ಮುಖ್ಯ. ಕೊಡಗಿನಲ್ಲಿ ಮುಂಗಾರು ಹಿಡಿದ ಮೇಲೆ ಜೂನ್‌ನಿಂದ ಹೊಳೆ ತುಂಬಿ ಹರಿಯುವಾಗ ನಡುಗಡ್ಡೆಯನ್ನು ಯಾವ ಸೈನ್ಯವೂ ಮುಟ್ಟುವಂತಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಹೊಳೆಯನ್ನು ಹಲವೆಡೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಿತ್ತು. ಅಣೆಕಟ್ಟುಗಳು ಬರುವ ಮುಂಚಿನ ಕಾವೇರಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಕಂದಕವಾಗಿತ್ತು ಎಂಬುದನ್ನು ಮರೆತರೆ 1799ರಲ್ಲಿ ಈ ಕೋಟೆ ಬ್ರಿಟಿಷರ ವಶವಾದ ಬಗೆ ಅರ್ಥವಾಗುವುದಿಲ್ಲ.

ಊರಿನ ಆರಂಭದ ಬಗೆಗೆ ಉಳಿದಿರುವುದು ಐತಿಹ್ಯ ಮತ್ತು ಶಾಸನಗಳ ಮಿಶ್ರಣ. ಗಂಗರ ಕಾಲದಲ್ಲಿ, ಕ್ರಿ.ಶ. 894ರಲ್ಲಿ, ತಿರುಮಲಯ್ಯನೆಂಬವನು ಕಾಡು ಬೆಳೆದಿದ್ದ ಈ ನಡುಗಡ್ಡೆಯಲ್ಲಿ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಸಂಪ್ರದಾಯ ಹೇಳುತ್ತದೆ. ಹೊಯ್ಸಳ ವಿಷ್ಣುವರ್ಧನನು ರಾಮಾನುಜಾಚಾರ್ಯರಿಗೆ ಹೊಳೆಯ ಎರಡೂ ದಂಡೆಗಳ ಎಂಟು ಊರುಗಳನ್ನು ದತ್ತಿ ಕೊಟ್ಟದ್ದರಿಂದ ಈ ಸೀಮೆಗೆ ಅಷ್ಟಗ್ರಾಮವೆಂಬ ಹೆಸರು ಬಂದಿತೆನ್ನುತ್ತಾರೆ. ಆ ಹೆಸರು ಮುಂದೆ ಕಂದಾಯದ ಕಡತಗಳಲ್ಲೂ ಬಹಳ ಕಾಲ ಉಳಿಯಿತು. ವಿಜಯನಗರದ ಕಾಲದಲ್ಲಿ, 1454ರ ಸುಮಾರಿಗೆ, ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ಇಲ್ಲಿ ಕೋಟೆ ಕಟ್ಟಿಸಿ ದೇವಸ್ಥಾನವನ್ನು ದೊಡ್ಡದು ಮಾಡಿದನೆಂದೂ, ಅದಕ್ಕೆ ಸಮೀಪದ ಕಲಸವಾಡಿಯ ಜೈನ ಬಸದಿಗಳ ಕಲ್ಲುಗಳನ್ನು ತಂದನೆಂದೂ ಪ್ರತೀತಿಯಿದೆ. ಮುಂದೆ ವಿಜಯನಗರದ ಅರಸರ ಪ್ರತಿನಿಧಿಗಳು ಇಲ್ಲಿಂದಲೇ ದಕ್ಷಿಣದ ಸೀಮೆಯ ಕಪ್ಪ ವಸೂಲಿ ಮಾಡುತ್ತಿದ್ದರು. ದೇವರ ಊರು ಕಂದಾಯದ ಊರಾದದ್ದು ಈ ಹಂತದಲ್ಲಿ.

1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನಿಂದ ಪಟ್ಟಣವನ್ನು ವಶಪಡಿಸಿಕೊಂಡು, ತಮ್ಮ ರಾಜಧಾನಿಯನ್ನು ಮೈಸೂರಿನಿಂದ ಇಲ್ಲಿಗೆ ತಂದರು. ವಿಜಯನಗರದ ಮಹಾನವಮಿಯ ಪದ್ಧತಿಯನ್ನು ಮುಂದುವರಿಸಿ ಆ ವರ್ಷವೇ ದಸರಾ ಉತ್ಸವವನ್ನು ಇಲ್ಲಿ ಆರಂಭಿಸಿದರು. ರಣಧೀರನೆಂದು ಹೆಸರಾದ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದ ಅವಧಿಯಲ್ಲಿ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನನ ದಾಳಿಯನ್ನು ಹಿಮ್ಮೆಟ್ಟಿಸಿ, ಕೋಟೆಯನ್ನು ಬಲಪಡಿಸಿ, ಟಂಕಸಾಲೆಯನ್ನು, ಅಂದರೆ ನಾಣ್ಯ ಅಚ್ಚು ಹಾಕುವ ಕಾರ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿ ತಯಾರಾದ ಕಂಠೀರಾಯಿ ಹಣವೆಂಬುದು ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣ ಚಿನ್ನದ ನಾಣ್ಯ; ಅಂಥ ಹತ್ತು ಹಣ ಸೇರಿದರೆ ಲೆಕ್ಕದ ಒಂದು ವರಹ. ಆ ವರಹದ ಲೆಕ್ಕ ಎಷ್ಟು ಬೇರೂರಿತೆಂದರೆ, ಒಂದೂವರೆ ಶತಮಾನದ ನಂತರ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗಲೂ ಸೀಮೆಗಳ ಉತ್ಪತ್ತಿಯನ್ನು ಕಂಠೀರಾಯಿ ವರಹಗಳಲ್ಲಿಯೇ ಬರೆಯಲಾಯಿತು.

ಕಂಠೀರವರ ಕಾಲದ ಕೆಲಸಗಳಲ್ಲಿ ಈ ನೆಲದ ಬದುಕಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒದಗಿದ್ದು ಬಂಗಾರದೊಡ್ಡಿ ಕಾಲುವೆ. ನಡುಗಡ್ಡೆಯ ಸುತ್ತ ನೀರಿದ್ದರೂ ಆ ನೀರು ನೆಲಕ್ಕಿಂತ ತಗ್ಗಿನಲ್ಲಿತ್ತು. ಬೇಸಿಗೆಯಲ್ಲಿ ಗದ್ದೆಗೂ ತೋಟಕ್ಕೂ ಅದು ಏರಿ ಬರುವಂತಿರಲಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವು ಇಂದಿನ ಕಣ್ಣಿಗೂ ಅಚ್ಚರಿ ಹುಟ್ಟಿಸುತ್ತದೆ. ಊರಿನ ಮೇಲ್ಗಡೆ ಹೊಳೆಗೆ ಕಲ್ಲಿನ ಅಣೆಯನ್ನು, ಅಂದರೆ ನೀರನ್ನು ಪೂರ್ತಿ ತಡೆಯದೆ ಸ್ವಲ್ಪ ಎತ್ತರಿಸಿ ಪಕ್ಕಕ್ಕೆ ತಿರುಗಿಸುವ ತಗ್ಗಾದ ಕಟ್ಟೆಯನ್ನು ಕಟ್ಟಿ, ಅಲ್ಲಿಂದ ತೋಡಿದ ಕಾಲುವೆಯನ್ನು ದಂಡೆಯ ಮೇಲೆ ಎತ್ತರ ಕಳೆದುಕೊಳ್ಳದಂತೆ ನಡೆಸಿ, ಕೊನೆಗೆ ಹೊಳೆಯ ಕವಲಿನ ಮೇಲೆ ಕಲ್ಲಿನ ಕಂಬಗಳ ಮೇಲ್ಗಾಲುವೆಯೊಂದನ್ನು ಕಟ್ಟಿ ನೀರನ್ನು ನಡುಗಡ್ಡೆಗೆ ದಾಟಿಸಲಾಯಿತು. ಕೆಳಗೆ ಕಾವೇರಿ, ಅದರ ಮೇಲೆ ಅಡ್ಡಲಾಗಿ ಕಾವೇರಿಯದೇ ನೀರು. ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ಬಂದ 1610ನೆಯ ವರ್ಷದಲ್ಲೇ ಮಾಲ್ಟಾದಲ್ಲಿ ಪಂಥದ ಮುಖ್ಯಸ್ಥನಾಗಿದ್ದ ವಿಗ್ನಕೋರ್ ತನ್ನ ಕೋಟೆಯೂರಾದ ವ್ಯಾಲೆಟ್ಟಾಗೆ ಒಳನಾಡಿನ ಚಿಲುಮೆಗಳ ನೀರನ್ನು ತರಲು ಕಮಾನುಗಳ ಮೇಲ್ಗಾಲುವೆಯನ್ನು ಆರಂಭಿಸಿ 1615ರಲ್ಲಿ ಮುಗಿಸಿದ್ದ. ಒಬ್ಬರನ್ನೊಬ್ಬರು ಅರಿಯದ ಎರಡು ಆಡಳಿತಗಳು ಒಂದೇ ಕೊರತೆಗೆ ಒಂದೇ ಬಗೆಯ ಪರಿಹಾರ ಹುಡುಕಿದ್ದವು: ನೀರಿನ ನಡುವೆ ಕಟ್ಟಿದ ಊರು ನೀರಿಗಾಗಿಯೇ ಹೊರಗನ್ನು ನಂಬಬೇಕಿತ್ತು.

ಆ ಕಾಲದ ಕಟ್ಟೆಯಿಂದ ಹೊಳೆಯ ಮಧ್ಯೆ ಮೂಡಿದ ಚಿಕ್ಕ ಚಿಕ್ಕ ದಿಬ್ಬಗಳೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಗದ್ದೆಗಾಗಿ ಕಟ್ಟಿದ ಅಣೆ ಮುನ್ನೂರು ವರ್ಷಗಳ ನಂತರ ಕೊಕ್ಕರೆಗಳಿಗೆ ನೆಲೆ ಕೊಟ್ಟಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಎರಡೂ ದಂಡೆಗಳಲ್ಲಿ ಇನ್ನಷ್ಟು ಕಾಲುವೆಗಳು ಬಂದವು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರಾ ಕಚೇರಿಯೂ ಅವರದೇ. ಕಚೇರಿ ಬೆಳೆದಂತೆ ಬರೆಯುವವರು, ಲೆಕ್ಕ ಇಡುವವರು, ಅವರಿಗೆ ಅಕ್ಕಿ, ಎಣ್ಣೆ, ಬಟ್ಟೆ ಒದಗಿಸುವವರು ಹೊಳೆ ದಾಟಿ ಬಂದು ನೆಲೆಸಿದರು.

1761ರಲ್ಲಿ ಅಧಿಕಾರ ಹೈದರ್ ಅಲಿಯ ಕೈಗೆ ಬಂದ ಮೇಲೆ, ಅದರಲ್ಲೂ ಅವನ ಮಗ ಟಿಪ್ಪುವಿನ ಆಳ್ವಿಕೆಯಲ್ಲಿ, ಈ ಪಟ್ಟಣ ತನ್ನ ಗಾತ್ರದ ಮಿತಿಯನ್ನು ಮುಟ್ಟಿತು. ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತರಲಾಯಿತೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಇದನ್ನು ಬೆಳವಣಿಗೆಯೆಂದು ಮಾತ್ರ ಓದಿ ಮುಂದೆ ಹೋಗುವುದು ನ್ಯಾಯವಲ್ಲ. ಒಂದು ಊರಿನ ಕಸುಬುದಾರರನ್ನು ಬೇರುಸಹಿತ ಕಿತ್ತು ಇನ್ನೊಂದು ಊರನ್ನು ಕಟ್ಟಿದ್ದೆಂದೇ ಅದನ್ನು ಹೇಳಬೇಕು. ತಾರಾಮಂಡಲಪೇಟೆಯೆಂದು ಕರೆಯಲಾದ ಕಾರ್ಖಾನೆಗಳು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ನಗರ ಎಂಬ ನಾಲ್ಕು ಕಡೆ ಕೆಲಸ ಮಾಡುತ್ತಿದ್ದವು. ಶ್ರೀಗಂಧ, ಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಸರ್ಕಾರವೇ ಹಿಡಿದುಕೊಂಡು, ಅರಬ್ಬಿ ಕಡಲಿನಾಚೆಯ ಮಸ್ಕತ್‌ನಲ್ಲಿ ಕೋಠಿಯನ್ನು, ಅಂದರೆ ಸರ್ಕಾರಿ ವ್ಯಾಪಾರದ ಮಳಿಗೆಯನ್ನು ಇಟ್ಟಿತ್ತು. 1800ರಲ್ಲಿ ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯ ಜನಸಂಖ್ಯೆ ಒಂದೂವರೆ ಲಕ್ಷದಷ್ಟಿತ್ತೆಂದು ಅಂದಾಜು ಮಾಡಿದ್ದಾನೆ. ಅಂದಾಜಿನಲ್ಲಿ ಉತ್ಪ್ರೇಕ್ಷೆಯಿದ್ದರೂ, ಅಷ್ಟು ಜನ ಈ ನೆಲದ ಬೆಳೆಯನ್ನೇ ಉಂಡು ಬದುಕಲು ಸಾಧ್ಯವಿರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಈ ಅವಧಿಯಲ್ಲಿ ಹೊಳೆ ದಾಟಿ ಬಂದವುಗಳಲ್ಲಿ ಅತ್ಯಂತ ಚಿಕ್ಕದು ರೇಷ್ಮೆ ಹುಳು. 1786ರ ಸೆಪ್ಟೆಂಬರಿನಲ್ಲಿ ಟಿಪ್ಪು ತನ್ನ ರಾಜಧಾನಿಯ ಕಿಲ್ಲೇದಾರನಿಗೆ, ಅಂದರೆ ಕೋಟೆಯ ಅಧಿಕಾರಿಗೆ, ಬರೆಸಿದ ಪತ್ರವೊಂದು ಉಳಿದುಬಂದಿದ್ದು, ಅದು ಆಡಳಿತದ ಪತ್ರಗಳಲ್ಲಿ ಅಪರೂಪವಾದ ಸೂಕ್ಷ್ಮತೆಯನ್ನು ತೋರಿಸುತ್ತದೆ. ಬಂಗಾಳಕ್ಕೆ ರೇಷ್ಮೆ ಹುಳು ತರಲು ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಮರಳಿ ಬರುತ್ತಿದ್ದಾರೆ. ಅವರು ತಲುಪಿದೊಡನೆ ಹುಳುಗಳನ್ನು ಎಂಥ ಜಾಗದಲ್ಲಿಡಬೇಕೆಂದು ಅವರಿಂದಲೇ ಕೇಳಿ ತಿಳಿಯಬೇಕು. ಮೊದಲೇ ನೆಡಲು ಹೇಳಿದ್ದ ಹಿಪ್ಪುನೇರಳೆ ಗಿಡಗಳ ಸೊಪ್ಪನ್ನು ಒದಗಿಸಬೇಕು. ಹಳೆಯ ಅರಮನೆಯ ಹಿಂದಿನ ಖಾಲಿ ಜಾಗದ ಹತ್ತಿರ ಸದ್ಯಕ್ಕೊಂದು ಏರ್ಪಾಡು ಮಾಡಬೇಕು. ಎಷ್ಟು ಹುಳು ಬಂದವು, ಅವುಗಳನ್ನು ಹೆಚ್ಚಿಸುವ ಬಗೆ ಏನು ಎಂಬುದನ್ನು ತಪ್ಪದೆ ತಿಳಿಸಬೇಕು ಎಂಬುದು ಅದರ ಸಾರಾಂಶ. ರಾಜ್ಯದಾದ್ಯಂತ 21 ಕಡೆ ರೇಷ್ಮೆ ಕೃಷಿಯ ಕೇಂದ್ರಗಳನ್ನು ನಡೆಸುವ ಯೋಜನೆ ಆನಂತರದ್ದು. ಮೈಸೂರು ರೇಷ್ಮೆಯ ಇಡೀ ಉದ್ಯಮವು ಒಂದೇ ಪತ್ರದಿಂದ ಹುಟ್ಟಿತೆಂದು ಹೇಳುವುದು ಸರಳೀಕರಣವಾದೀತು. ಆದರೆ ಅರಮನೆಯ ಹಿತ್ತಲಿನಲ್ಲಿ ಹುಳುವಿಗೆ ಜಾಗ ಹುಡುಕಿದ ಆ ಕಾಳಜಿಯನ್ನು ಉದ್ಯಮದ ಚರಿತ್ರೆಯಿಂದ ಬಿಡುವಂತೆಯೂ ಇಲ್ಲ.

ಪತ್ರದಲ್ಲಿನ ಅವಸರಕ್ಕೆ ಕಾರಣ ಹುಳುವಿನ ಸ್ವಭಾವದಲ್ಲಿಯೇ ಇದೆ. ಮೊಟ್ಟೆಯಿಂದ ಹೊರಬಂದ ಹುಳು ಸಾಸಿವೆಗಿಂತ ದೊಡ್ಡದಲ್ಲ. ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕಾದ ಈ ಹಂತವನ್ನು ರೈತರು ಚಾಕಿ ಎನ್ನುತ್ತಾರೆ. ಮುಂದಿನ ನಾಲ್ಕು ವಾರಗಳಲ್ಲಿ ಅದು ನಾಲ್ಕು ಸಲ ಚರ್ಮ ಬಿಡುತ್ತದೆ. ಆಗ ಮೇವು ಬಿಟ್ಟು ತಲೆಯೆತ್ತಿ ಅಲುಗದೆ ನಿಲ್ಲುವುದನ್ನು ಹುಳುವಿಗೆ ಜ್ವರ ಬಂದಿದೆ ಎಂದು ಹೇಳುವುದು ವಾಡಿಕೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದು ರಾತ್ರಿ ಹಗಲೆನ್ನದೆ ಮೇಯುತ್ತದೆ, ತಟ್ಟೆಗಳ ಮೇಲೆ ಮಳೆ ಹನಿಯುವಂಥ ಸದ್ದು ಕೇಳಿಸುತ್ತದೆ. ಮೈ ಪಾರದರ್ಶಕವಾಗಿ ಹಳದಿ ತಿರುಗಿದಾಗ ಹುಳು ಹಣ್ಣಾಯಿತೆಂದು ಆರಿಸಿ, ಬಿದಿರಿನ ಚಂದ್ರಿಕೆಗೆ, ಅಂದರೆ ಸುತ್ತುಸುತ್ತಾಗಿ ಪಟ್ಟಿ ಕಟ್ಟಿದ ಚಾಪೆಗೆ ಬಿಡುತ್ತಾರೆ. ಎರಡು ಮೂರು ದಿನಗಳಲ್ಲಿ ಅದು ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ನೆಯ್ದು ಗೂಡು ಕಟ್ಟುತ್ತದೆ. ಸೊಪ್ಪು ಒಂದು ದಿನ ತಪ್ಪಿದರೆ ಬೆಳೆಯೆಲ್ಲ ಹಾಳು. ಬಂಗಾಳದಿಂದ ಅಷ್ಟು ದೂರ ಸಾಗಿ ಬರುವ ಜೀವಕ್ಕೆ ಸೊಪ್ಪೂ ನೆರಳೂ ಮೊದಲೇ ಸಿದ್ಧವಿರಬೇಕಾದುದು ಇದರಿಂದ.

ದೂರದಿಂದ ಕುಶಲತೆಯನ್ನು ತಂದು ನಡುಗಡ್ಡೆಯಲ್ಲಿ ನೆಲೆಗೊಳಿಸುವ ಈ ಪ್ರಯತ್ನಕ್ಕೆ ಮೆಡಿಟರೇನಿಯನ್ನಿನಲ್ಲಿಯೂ ಹಳೆಯ ನಿದರ್ಶನವಿದೆ. ಸಿಸಿಲಿಯ ಅರಸ ಎರಡನೆಯ ರೋಜರ್ 1147ರಲ್ಲಿ ಗ್ರೀಸಿನ ಥೀಬ್ಸ್ ಮತ್ತು ಕೊರಿಂಥ್ ನಗರಗಳ ಮೇಲೆ ದಂಡೆತ್ತಿ ಹೋಗಿ, ಅಲ್ಲಿನ ರೇಷ್ಮೆ ನೇಕಾರರನ್ನು ಸೆರೆಹಿಡಿದು ತನ್ನ ರಾಜಧಾನಿ ಪಲೆರ್ಮೊದ ಅರಮನೆಯ ಕಾರ್ಖಾನೆಗೆ ತಂದಿದ್ದ. ಮುಂದೆ ಆ ವಿದ್ಯೆ ದ್ವೀಪವನ್ನು ಬಿಟ್ಟು ಇಟಲಿಯ ನಗರಗಳಲ್ಲಿ ಬೆಳೆಯಿತು. ಶ್ರೀರಂಗಪಟ್ಟಣದ ರೇಷ್ಮೆಯೂ ಇದೇ ದಾರಿ ಹಿಡಿಯಿತು, ಆದರೆ ಅದಕ್ಕೆ ಮೊದಲು ರಾಜಧಾನಿಯೇ ಉರುಳಬೇಕಿತ್ತು.

1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದಾರಿಯಾಗಿ ಅರಕೆರೆಯವರೆಗೆ ಬಂದು ಗೆದ್ದರೂ, ಮೇವಿಲ್ಲದೆ ಎತ್ತುಗಳು ಸತ್ತು, ಮಳೆ ಹಿಡಿದು, ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದಿರುಗಬೇಕಾಯಿತು. ಅಂದು ರಾಜಧಾನಿಯನ್ನು ಉಳಿಸಿದ್ದರಲ್ಲಿ ಹೊಳೆಗೂ ಹಸಿವಿಗೂ ಸಮಪಾಲಿದೆ. ಮರುವರ್ಷದ ಫೆಬ್ರವರಿಯಲ್ಲಿ, ನೀರಿಳಿದ ಕಾಲ ನೋಡಿ ಬಂದ ಅದೇ ಕಾರ್ನ್‌ವಾಲಿಸ್ ನಡುಗಡ್ಡೆಯ ಪೂರ್ವ ಭಾಗದಲ್ಲಿ ಕಾಲೂರಿದ. 1792ರ ಮಾರ್ಚ್‌ನ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ, 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಹೊರಗಿನ ಸೀಮೆಯ ಕಂದಾಯದಿಂದ ಬದುಕುತ್ತಿದ್ದ ಪಟ್ಟಣಕ್ಕೆ ಅರ್ಧ ಸೀಮೆ ಹೋದದ್ದು ಕೋಟೆಯ ಗೋಡೆ ಬಿದ್ದುದಕ್ಕಿಂತ ಕಡಿಮೆಯ ಪೆಟ್ಟಲ್ಲ.

ಕೊನೆಯ ಯುದ್ಧದ ಹೊತ್ತಿಗೆ ಮಾಲ್ಟಾ ಮತ್ತು ಶ್ರೀರಂಗಪಟ್ಟಣಗಳ ಕಥೆಗಳು ಒಂದನ್ನೊಂದು ಮುಟ್ಟುತ್ತವೆ. 1798ರ ಜೂನ್‌ನಲ್ಲಿ ನೆಪೋಲಿಯನ್ ಮಾಲ್ಟಾವನ್ನು ಕೆಲವೇ ದಿನಗಳಲ್ಲಿ ವಶಪಡಿಸಿಕೊಂಡು ಅಲ್ಲಿಂದ ಈಜಿಪ್ಟಿಗೆ ಸಾಗಿದ. ಅದಕ್ಕೆ ಮುಂಚೆಯೇ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಟಿಪ್ಪುವಿನ ನೆರವಿಗೆ ಜನ ಬೇಕೆಂದು ಬಹಿರಂಗ ಪ್ರಕಟಣೆ ಹೊರಡಿಸಿದ್ದು, ಅದರಿಂದ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ ಮಾತ್ರ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲಿಯೇ ಬ್ರಿಟಿಷರ ಕೈಸೇರಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಸಾರಲು ಮಾರಿಷಸ್ಸಿನ ಪ್ರಕಟಣೆಯೇ ಸಾಕಷ್ಟು ನೆಪವಾಗಿತ್ತು.

ಜನರಲ್ ಹ್ಯಾರಿಸನ ಸೇನೆ ಮಾರ್ಚ್ ತಿಂಗಳಲ್ಲಿ ಆನೇಕಲ್ಲಿನ ಕಡೆಯಿಂದ ಬಂದು ಬೆಂಗಳೂರನ್ನು ದೂರದಿಂದ ಕಂಡಿತು. ರಾಜಧಾನಿಗೆ ಹೋಗುವ ಮುಖ್ಯ ದಾರಿ ಚನ್ನಪಟ್ಟಣದ್ದಾಗಿದ್ದು, ಅಲ್ಲಿನ ಮೇವನ್ನೆಲ್ಲ ಟಿಪ್ಪುವಿನ ಸವಾರರು ಸುಟ್ಟಿದ್ದರು. ಹ್ಯಾರಿಸ್ ಆ ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿ ಕಾನಕಾನಹಳ್ಳಿಯ ದಾರಿ ಹಿಡಿದ; ಆ ತಿಂಗಳ ನಡುಭಾಗದಲ್ಲಿ ಅವನ ದಂಡು ಬೀಡುಬಿಟ್ಟ ಊರುಗಳಲ್ಲಿ ತಲಘಟ್ಟಪುರವೂ ಒಂದು. ಇಂದು ಬೆಂಗಳೂರಿನ ದಕ್ಷಿಣದ ಬಡಾವಣೆಯಾಗಿರುವ ಈ ಊರು ಅಂದು ರಾಜಧಾನಿಗೆ ಹೋಗುವ ಎರಡನೆಯ ದಾರಿಯ ಮೇಲಿನ ಹಳ್ಳಿ. ಮುಂದಿನ ಅಚ್ಚಲು ಎಂಬಲ್ಲಿ ಕೆರೆಯ ಏರಿಯನ್ನು ಒಡೆದು ನೀರು ಬರಿದುಮಾಡುವ ಯತ್ನ ನಡೆದಿತ್ತು. ಕುದುರೆ ಸವಾರರು ಸಮಯಕ್ಕೆ ತಲುಪಿದ್ದರಿಂದ ದಂಡಿಗೆ ನೀರು ದಕ್ಕಿತು. ತೋಪುಗಳಷ್ಟೇ ಕೆರೆಗಳೂ ಈ ಯುದ್ಧವನ್ನು ನಿರ್ಣಯಿಸಿದವೆಂದು ಹೇಳಿದರೆ ತಪ್ಪಾಗದು. ಮಾರ್ಚ್ 27ರಂದು ಮಳವಳ್ಳಿಯ ಕಾಳಗ ಮುಗಿಸಿ, ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ಏಪ್ರಿಲ್ ಮೊದಲ ವಾರದಲ್ಲಿ ಸೇನೆ ಕೋಟೆಯ ಪಶ್ಚಿಮಕ್ಕೆ ಬಂದು ನಿಂತಿತು.

ಮುಂಗಾರಿಗೆ ಎರಡು ತಿಂಗಳಷ್ಟೇ ಉಳಿದಿತ್ತು. ಹೊಳೆ ಬರುವವರೆಗೆ ತಡೆದುಕೊಂಡರೆ ಮುತ್ತಿಗೆ ತಾನಾಗಿಯೇ ಸಡಿಲವಾಗುತ್ತದೆಂಬುದು ಕೋಟೆಯೊಳಗಿನವರ ಆಸೆ. ಅದಕ್ಕೆ ಮೊದಲೇ ಮುಗಿಸಬೇಕೆಂಬುದು ಹೊರಗಿನವರ ಆತುರ. ಹಸಿವು ಇಬ್ಬರಿಗೂ ಸಮೀಪದಲ್ಲಿತ್ತು. ಗೋಡೆಯ ವಾಯವ್ಯ ಭಾಗದಲ್ಲಿ ಬಿರುಕು ಬಿದ್ದ ಮೇಲೆ ಮೇ 4ರ ಮಧ್ಯಾಹ್ನ ಬ್ರಿಟಿಷ್ ಸಿಪಾಯಿಗಳು ಬಂಡೆಗಳ ನಡುವಣ ತೆಳುನೀರನ್ನು ಕಾಲ್ನಡಿಗೆಯಲ್ಲಿ ದಾಟಿದರು. ಸಂಜೆಯೊಳಗೆ ಟಿಪ್ಪು ಸತ್ತಿದ್ದ, ಪಟ್ಟಣ ಸೂರೆಹೋಗುತ್ತಿತ್ತು.

ರಾಜ್ಯ ಒಡೆಯರ ವಂಶಕ್ಕೆ ಮರಳಿದಾಗ ರಾಜಧಾನಿ ಮೈಸೂರಿಗೆ ಹೋಯಿತು, ನಡುಗಡ್ಡೆ ಈಸ್ಟ್ ಇಂಡಿಯಾ ಕಂಪನಿಯ ಸ್ವತ್ತಾಯಿತು. ಮರುವರ್ಷ ಬುಕಾನನ್ ಎಣಿಸಿಕೊಂಡ ಜನಸಂಖ್ಯೆ ಸುಮಾರು 32,000. ಅರಮನೆಯಿಲ್ಲದ ಮೇಲೆ ಕಚೇರಿಯಿಲ್ಲ, ಕಚೇರಿಯಿಲ್ಲದ ಮೇಲೆ ಪೇಟೆಯಿಲ್ಲ. ಶಿರಾದಿಂದ ಬಂದವರಲ್ಲಿ ಎಷ್ಟು ಮನೆಗಳು ಮತ್ತೆ ಗಂಟು ಕಟ್ಟಿದವೋ ಅದನ್ನು ಯಾರೂ ಬರೆದಿಡಲಿಲ್ಲ. ಕಂಪನಿಯ ದಂಡು ಕೆಲವು ವರ್ಷ ಇಲ್ಲಿತ್ತಾದರೂ ಮಳೆಗಾಲದ ಚಳಿಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ತೆರಳಿತು; ಅದರಿಂದ ಅಲ್ಲಿನ ದಂಡುಪ್ರದೇಶ ಹುಟ್ಟಿತು. ಟಿಪ್ಪುವಿನ ಲಾಲ್ ಮಹಲ್ ಅರಮನೆಯ ತೊಲೆಗಳು ಊಟಿಯ ಸಂತ ಸ್ಟೀಫನ್ನನ ಚರ್ಚಿನ ಛಾವಣಿಗೆ ಹೋದವು. ಮಾಲ್ಟಾಗೆ ಬ್ರಿಟಿಷ್ ನೌಕಾಪಡೆ ಹೊಸ ಒಡೆಯನಾಗಿ ಬಂದು ಹಡಗುಕಟ್ಟೆಯ ಕೆಲಸ ಕೊಟ್ಟಿತು. ಶ್ರೀರಂಗಪಟ್ಟಣಕ್ಕೆ ಅಂಥ ಎರಡನೆಯ ಒಡೆಯ ಸಿಗಲಿಲ್ಲ. 1901ರ ಜನಗಣತಿಯಲ್ಲಿ ಊರಿನ ಜನ 8,584.

ನಡುಗಡ್ಡೆಯ ಒಡೆತನದ ಕಥೆಗೂ ಬೆಂಗಳೂರಿಗೂ ಇನ್ನೊಂದು ನಂಟಿದೆ. ವರ್ಷಕ್ಕೆ 50,000 ರೂಪಾಯಿ ಗುತ್ತಿಗೆಯ ಮೇಲೆ ಮೈಸೂರಿನ ಆಡಳಿತಕ್ಕೆ ಬಿಟ್ಟಿದ್ದ ಈ ನೆಲವನ್ನು 1881ರಲ್ಲಿ, ನಡುವೆ ತಾವೇ ವಹಿಸಿಕೊಂಡಿದ್ದ ಅಧಿಕಾರವನ್ನು ಒಡೆಯರಿಗೆ ಹಿಂತಿರುಗಿಸಿದಾಗ, ಬ್ರಿಟಿಷರು ಪೂರ್ತಿಯಾಗಿ ಬಿಟ್ಟುಕೊಟ್ಟು, ಬದಲಿಗೆ ಬೆಂಗಳೂರಿನ ದಂಡುಪ್ರದೇಶವನ್ನು ತಮ್ಮಲ್ಲಿ ಇಟ್ಟುಕೊಂಡರು. ಹಳೆಯ ರಾಜಧಾನಿಯನ್ನು ಕೊಟ್ಟು ಹೊಸ ನಗರವನ್ನು ಪಡೆದ ಆ ವಿನಿಮಯದಲ್ಲಿ ಯಾರಿಗೆ ಲಾಭವಾಯಿತೆಂದು ವಿವರಿಸಬೇಕಾಗಿಲ್ಲ. ಅಷ್ಟರಲ್ಲಿ ದಿವಾನ್ ಪೂರ್ಣಯ್ಯ 1804ರಲ್ಲಿ ಮುಗಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಉತ್ತರದ ಕವಲಿಗೆ ಬಂದಿತ್ತು. ಆಮೇಲೆ ಬೆಂಗಳೂರು–ಮೈಸೂರು ರೈಲುಮಾರ್ಗ ಕೋಟೆಯನ್ನೇ ಸೀಳಿಕೊಂಡು ಹೋಯಿತು. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ ಬುಡಸಮೇತ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಿ ಉಳಿಸಲಾಯಿತು.

ಕೈಬಿಡದೆ ಉಳಿದದ್ದು ಕಾಲುವೆ ಮತ್ತು ಬೇಸಾಯ. ಭತ್ತ, ಕಬ್ಬು ಈ ಸೀಮೆಯ ಬೆಳೆಗಳಾಗಿದ್ದು, 1847ರಲ್ಲಿ ಸಮೀಪದ ಪಾಲಹಳ್ಳಿಯಲ್ಲಿ ಆರಂಭವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿತ್ತು. ಗಂಜಾಂನ ಅಂಜೂರಕ್ಕೆ ಇಂದಿಗೂ ಹೆಸರಿದೆ. ಮೆಡಿಟರೇನಿಯನ್ ದಂಡೆಯ ಈ ಹಣ್ಣು ಕಾವೇರಿಯ ಮಣ್ಣಿಗೆ ಚೆನ್ನಾಗಿ ಒಗ್ಗಿದೆ. 1911ರಲ್ಲಿ ಮೇಲ್ಗಡೆ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ, ಅದೇ ಜಾಗದಲ್ಲಿ ಅಣೆಕಟ್ಟಿಗೆ ಅಡಿಪಾಯ ಹಾಕಿದುದನ್ನು ಹೇಳುವ 1794ರ ಟಿಪ್ಪುವಿನ ಪರ್ಶಿಯನ್ ಶಾಸನ ಸಿಕ್ಕಿತು.

ರೇಷ್ಮೆ ಮಾತ್ರ ಅರಮನೆಯ ಹಿತ್ತಲಿನಲ್ಲಿ ನಿಲ್ಲದೆ ಹೊಳೆಯಾಚೆಗೆ ಹೋಗಿ ಉಳಿದುಕೊಂಡಿತು. ಚನ್ನಪಟ್ಟಣ, ರಾಮನಗರ, ಕನಕಪುರ, ಕೊಳ್ಳೇಗಾಲ, ಶಿಡ್ಲಘಟ್ಟಗಳ ರೈತರು ಹಿಪ್ಪುನೇರಳೆಯನ್ನು ತಮ್ಮ ಬೆಳೆಯಾಗಿ ಮಾಡಿಕೊಂಡರು. ಹತ್ತೊಂಬತ್ತನೆಯ ಶತಮಾನದ ನಡುವೆ ಮೆಡಿಟರೇನಿಯನ್ ದೇಶಗಳ ರೇಷ್ಮೆಯನ್ನು ಗಂಟು ರೋಗ ನಾಶಮಾಡಿದಾಗ, ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದವನ್ನು ಆರಿಸುವ ವಿಧಾನವನ್ನು ಲೂಯಿ ಪಾಶ್ಚರ್ ರೂಪಿಸಿದ; ಅದೇ ಸುಮಾರಿಗೆ ಇಟಲಿಯ ಡಿ ವೆಚ್ಚಿ ಎಂಬಾತ ಬೆಂಗಳೂರಿನ ಆಸುಪಾಸಿನಲ್ಲಿ ಜಪಾನಿನ ಮೊಟ್ಟೆ ತರಿಸಿ ಉದ್ಯಮವನ್ನು ಚೇತರಿಸಲು ಯತ್ನಿಸಿದ. ಜಮ್ಶೆಟ್‌ಜಿ ಟಾಟಾ 1890ರ ದಶಕದಲ್ಲಿ ಜಪಾನಿನ ತಜ್ಞರ ನೆರವಿನಿಂದ ಬೆಂಗಳೂರಿನ ದಕ್ಷಿಣದಲ್ಲಿ ರೇಷ್ಮೆ ತೋಟ ಮಾಡಿದರು. ತೋಟ ಹೋದರೂ ಬಸವನಗುಡಿ, ಜಯನಗರಗಳ ನಡುವೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದಿದೆ. 1912ರಲ್ಲಿ ಮೈಸೂರಿನಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆ ಬಂದಿತು.

ಹೊಸ ತಳಿಗಳನ್ನೂ, ಹಿಪ್ಪುನೇರಳೆಯ ಬೇಸಾಯವನ್ನೂ, ಹುಳುವಿನ ರೋಗಗಳನ್ನೂ ಅಧ್ಯಯನ ಮಾಡುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ 1980ರ ದಶಕದಿಂದ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿದೆ. 1799ರಲ್ಲಿ ಹ್ಯಾರಿಸನ ಎತ್ತಿನ ಬಂಡಿಗಳು ನಡುಗಡ್ಡೆಯ ಕಡೆಗೆ ಸಾಗಿದ ದಾರಿಯ ಮೇಲೆ ಈಗ ಮೆಟ್ರೊ ರೈಲಿನ ಹಸಿರು ಮಾರ್ಗ ಓಡುತ್ತದೆ. 2021ರ ಜನವರಿ 14ರಂದು ಉದ್ಘಾಟನೆಯಾದ ಯಲಚೇನಹಳ್ಳಿಯಿಂದಾಚೆಯ ಭಾಗದಲ್ಲಿ ತಲಘಟ್ಟಪುರದ ನಂತರ ಬರುವುದು ಕೊನೆಯ ನಿಲ್ದಾಣ. ಅದಕ್ಕೆ ಆ ರೇಷ್ಮೆ ಸಂಸ್ಥೆಯ ಹೆಸರನ್ನೇ ಇಡಲಾಗಿದೆ.